ಹದಿನೈದು ಸಾವಿರ ಪೌಂಡಿನ ಮತಕ್ಷೇತ್ರ

ಐರ್ಲೆಂಡಿನ ಮೀತ್ ಕೌಂಟಿಯಲ್ಲಿ, ಬಾಯ್ನ್ ನದಿಯ ದಂಡೆಯ ಮೇಲೆ ಟ್ರಿಮ್ ಎಂಬ ಸಣ್ಣ ಪಟ್ಟಣವಿದೆ. ಡಬ್ಲಿನ್‌ನಲ್ಲಿ ಉದ್ಯೋಗದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಒಂದು ದಿನದ ಮಟ್ಟಿಗೆ ಅಲ್ಲಿಗೆ ಹೋಗಿಬಂದೆ. ಪ್ರವಾಸಿಗರು ಅಲ್ಲಿಗೆ ಬರುವುದು ಹ್ಯೂ ಡಿ ಲೇಸಿ ಮತ್ತು ಅವನ ಮಗ ಕಟ್ಟಿಸಿದ ನಾರ್ಮನ್ನರ ಕಾಲದ ಕೋಟೆಯನ್ನು ನೋಡಲು. 'ಬ್ರೇವ್‌ಹಾರ್ಟ್' ಚಿತ್ರದ ಚಿತ್ರೀಕರಣ ಅಲ್ಲಿ ನಡೆದ ಮೇಲಂತೂ ಆ ಕೋಟೆಗೆ ಹೊಸ ಕಳೆ ಬಂದಿದೆ. ನನ್ನ ಕಣ್ಣು ನೆಟ್ಟದ್ದು ಕೋಟೆಯ ಮೇಲಲ್ಲ, ಊರಿನೊಳಗಿನ ಒಂದು ಎತ್ತರದ ಕಲ್ಲುಕಂಬದ ಮೇಲೆ. 1817ರಲ್ಲಿ ನಿಲ್ಲಿಸಿದ ಆ ಕಂಬದ ತುದಿಯಲ್ಲಿ ವೆಲ್ಲಿಂಗ್ಟನ್ ಡ್ಯೂಕ್ ನಿಂತಿದ್ದಾನೆ. ಪಾಂಡವಪುರ ಉಪವಿಭಾಗದಲ್ಲಿ ಕೆಲಸ ಮಾಡಿದ ನನಗೆ ಈ ಮನುಷ್ಯ ಹೊಸಬನಲ್ಲ. ಡ್ಯೂಕ್ ಆಗುವುದಕ್ಕೆ ಬಹಳ ಮೊದಲು, ಕರ್ನಲ್ ಆರ್ಥರ್ ವೆಲ್ಲೆಸ್ಲಿ ಎಂಬ ಹೆಸರಿನಲ್ಲಿ, ಅವನು ಶ್ರೀರಂಗಪಟ್ಟಣದ ಆಡಳಿತ ನೋಡಿಕೊಂಡವನು. ಟಿಪ್ಪುವಿನ ದರಿಯಾ ದೌಲತ್‌ನಲ್ಲಿ ವಾಸವಾಗಿದ್ದವನು.

ಅದಕ್ಕೂ ಮೊದಲು ಅವನು ಏನಾಗಿದ್ದ ಎಂಬುದು ನನಗೆ ತಿಳಿದದ್ದು ಟ್ರಿಮ್‌ನಿಂದ ಬಂದ ಮೇಲೆ ಓದಲು ಕುಳಿತಾಗ. ಅವನು ಏಳು ವರ್ಷ ಕಾಲ ಟ್ರಿಮ್ ಬರೋ ಕ್ಷೇತ್ರದ ಶಾಸಕನಾಗಿದ್ದ. ಆ ಕ್ಷೇತ್ರ ಇಂದಿಲ್ಲ. ಅದು ಇಲ್ಲವಾದ ಬಗೆ ಮಾತ್ರ, ಮೂರು ದಶಕ ಕಾಲ ಚುನಾವಣೆಗಳನ್ನು ನಡೆಸಿದ ನನ್ನಂಥವನನ್ನು ಸುಮ್ಮನೆ ಕೂರಲು ಬಿಡುವುದಿಲ್ಲ.

ಬರೋ ಎಂದರೆ ರಾಜನಿಂದ ಸನ್ನದು ಪಡೆದು ತನ್ನದೇ ಪುರಸಭೆಯನ್ನು ಹೊಂದಿದ್ದ ಪಟ್ಟಣ. ಡಬ್ಲಿನ್‌ನಲ್ಲಿದ್ದ ಹಳೆಯ ಐರಿಷ್ ಸಂಸತ್ತಿನ ಕೆಳಮನೆಯಲ್ಲಿ 300 ಸದಸ್ಯರಿದ್ದರು. 32 ಕೌಂಟಿಗಳಿಂದ ತಲಾ ಇಬ್ಬರು, ವಿಶ್ವವಿದ್ಯಾಲಯದಿಂದ ಇಬ್ಬರು. ಮಿಕ್ಕ 234 ಮಂದಿ 117 ಬರೋಗಳಿಂದ ಬರುತ್ತಿದ್ದರು. ಅಂದರೆ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ಸದಸ್ಯರು ಪಟ್ಟಣಗಳ ಪ್ರತಿನಿಧಿಗಳು. ಇದನ್ನು ಕೇಳಿ ಐರ್ಲೆಂಡು ಆಗಲೇ ನಗರೀಕರಣಗೊಂಡಿತ್ತೆಂದು ಯಾರಾದರೂ ಭಾವಿಸಿದರೆ ತಪ್ಪಾದೀತು. ಈ ಪಟ್ಟಣಗಳಲ್ಲಿ ಎಷ್ಟೋ ಹೆಸರಿಗಷ್ಟೇ ಪಟ್ಟಣಗಳು. ವೆಕ್ಸ್‌ಫರ್ಡ್ ಕೌಂಟಿಯ ಬ್ಯಾನೋ ಎಂಬ ಊರು ಸಮುದ್ರದ ಮರಳಿನಡಿ ಹೂತುಹೋಗಿ ತಲೆಮಾರುಗಳೇ ಕಳೆದಿದ್ದವು. ಆದರೂ ಕಟ್ಟಕಡೆಯವರೆಗೆ ಅದು ಇಬ್ಬರು ಸದಸ್ಯರನ್ನು ತಪ್ಪದೆ ಡಬ್ಲಿನ್‌ಗೆ ಕಳುಹಿಸುತ್ತಿತ್ತು.

ಟ್ರಿಮ್ ಅಂಥ ಭೂತಪಟ್ಟಣವಾಗಿರಲಿಲ್ಲ. ಅದು ನಿಜವಾದ ಊರು. ಹದಿನೈದನೆಯ ಶತಮಾನದಲ್ಲಿ ಐರಿಷ್ ಸಂಸತ್ತೇ ಕೆಲವು ಬಾರಿ ಅಲ್ಲಿ ಸಭೆ ಸೇರಿದ್ದುಂಟು. ಆದರೆ ಊರು ನಿಜವಾದರೂ ಚುನಾವಣೆ ನಿಜವಲ್ಲ. ಊರಿನ ಸಮೀಪದ ಡಾಂಗನ್ ಜಹಗೀರಿನ ವೆಸ್ಲಿ ಮನೆತನಕ್ಕೆ (ಮುಂದೆ ತಮ್ಮ ಹೆಸರನ್ನು ಅವರು ವೆಲ್ಲೆಸ್ಲಿ ಎಂದು ಬದಲಿಸಿಕೊಂಡರು) ಆ ಕ್ಷೇತ್ರ ಮನೆಯ ಹಿತ್ತಿಲಿನಂತಿತ್ತು. 1729ರಿಂದ 1746ರವರೆಗೆ ಅಜ್ಜ ರಿಚರ್ಡ್ ಅದರ ಸದಸ್ಯ. 1757ರಲ್ಲಿ ತಂದೆ ಗ್ಯಾರೆಟ್. 1780ರಲ್ಲಿ ಹಿರಿಯ ಮಗ ರಿಚರ್ಡ್. ಮರುವರ್ಷ ತಂದೆ ತೀರಿಕೊಂಡು ಅವನಿಗೆ ಮಾರ್ನಿಂಗ್ಟನ್ ಅರ್ಲ್ ಪದವಿ ಬಂದುದರಿಂದ ಕೆಳಮನೆ ಬಿಟ್ಟ. 1783ರಿಂದ ಎರಡನೆಯವನಾದ ವಿಲಿಯಂ. 1790ರಲ್ಲಿ ಆರ್ಥರ್. ಅವನಿಗೆ ಆಗ ಇಪ್ಪತ್ತೊಂದರ ಆಸುಪಾಸು. ಡಬ್ಲಿನ್ ಕೋಟೆಯಲ್ಲಿ ರಾಜಪ್ರತಿನಿಧಿಯ ಅಂಗರಕ್ಷಕ ಅಧಿಕಾರಿಯಾಗಿ ದಿನಕ್ಕೆ ಹತ್ತು ಶಿಲಿಂಗ್ ಸಂಬಳ. ಕುಟುಂಬ ಸಾಲದಲ್ಲಿತ್ತು. ಸೈನ್ಯದ ಹುದ್ದೆಯನ್ನು ಹಣ ಕೊಟ್ಟು ಕೊಳ್ಳುವ ಪದ್ಧತಿಯಿದ್ದ ಕಾಲವದು. ಶಾಸಕ ಸ್ಥಾನವೂ ಹಾಗೆಯೇ ಕ್ರಯವಿಕ್ರಯದ ವಸ್ತು. ಮನೆಯಲ್ಲೇ ಇರುವ ವಸ್ತುವನ್ನು ಹೊರಗಿನಿಂದ ಕೊಳ್ಳುವ ಅಗತ್ಯ ವೆಸ್ಲಿಗಳಿಗೆ ಇರಲಿಲ್ಲ, ಅಷ್ಟೇ.

ಈ ಒಡೆತನ ಹೇಗೆ ಸಾಧ್ಯವಾಗುತ್ತಿತ್ತು ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಟ್ರಿಮ್‌ನಲ್ಲಿ ಮತದ ಹಕ್ಕಿದ್ದುದು ಊರಿನ ಜನರಿಗಲ್ಲ. ಪುರಸಭೆಯ ಮುಖ್ಯಸ್ಥ, ಅದರ ಸದಸ್ಯರು ಮತ್ತು ಪುರಸಭೆ ತಾನಾಗಿ 'ಫ್ರೀಮನ್' ಎಂದು ಸೇರಿಸಿಕೊಂಡವರಿಗೆ. ಯಾರನ್ನು ಸೇರಿಸಿಕೊಳ್ಳಬೇಕೆಂಬುದು ಪುರಸಭೆಯ ಇಚ್ಛೆ. ಪುರಸಭೆಯ ಇಚ್ಛೆ ಯಾವುದೆಂಬುದು ಒಡೆಯನ ಇಚ್ಛೆ. 1747ರಲ್ಲಿ ಬಂದ ಒಂದು ಕಾಯಿದೆ, ಬರೋಗಳ ಪುರಸಭೆಯ ಸದಸ್ಯರು ಆ ಊರಿನಲ್ಲೇ ವಾಸವಿರಬೇಕೆಂಬ ಕಟ್ಟನ್ನೂ ಸಡಿಲಿಸಿತು. ಬಹುಸಂಖ್ಯಾತರಾದ ಕ್ಯಾಥೊಲಿಕರಿಗೆ 1728ರಿಂದ 1793ರವರೆಗೆ ಮತದಾನದ ಹಕ್ಕೇ ಇರಲಿಲ್ಲ. ಇನ್ನು ಚುನಾವಣೆಯೆಂಬುದಾದರೂ ಎಷ್ಟು ಸಲ? ಎರಡನೆಯ ಜಾರ್ಜ್ ದೊರೆ ಪಟ್ಟಕ್ಕೆ ಬಂದಾಗ 1727ರಲ್ಲಿ ಆಯ್ಕೆಯಾದ ಸಂಸತ್ತು ಅವನು ಸಾಯುವವರೆಗೆ, ಅಂದರೆ 1760ರವರೆಗೆ ಮುಂದುವರಿಯಿತು. ಮೂವತ್ತಮೂರು ವರ್ಷಕ್ಕೆ ಒಂದು ಸಾರ್ವತ್ರಿಕ ಚುನಾವಣೆ! ಎಂಟು ವರ್ಷಕ್ಕೊಮ್ಮೆಯಾದರೂ ಚುನಾವಣೆ ನಡೆಯಬೇಕೆಂಬ ನಿಯಮ ಬಂದದ್ದು 1768ರಲ್ಲಿ.

ಆರ್ಥರನ ರಾಜಕೀಯ ಬದುಕಿನ ಮೊದಲ ಭಾಷಣ ಈ ಒಡೆತನದ ರಕ್ಷಣೆಗಾಗಿಯೇ ಆಯಿತು. ಐರಿಷ್ ಸಂಸತ್ತಿಗೆ 1782ರಲ್ಲಿ ಶಾಸನ ರಚನೆಯ ಸ್ವಾತಂತ್ರ್ಯ ತಂದುಕೊಟ್ಟ ಹೆನ್ರಿ ಗ್ರಾಟನ್‌ಗೆ ಗೌರವಾರ್ಥವಾಗಿ ಫ್ರೀಮನ್ ಸ್ಥಾನ ನೀಡಬೇಕೆಂದು ಟ್ರಿಮ್‌ನ ಕೆಲವರು ಹೊರಟರು. ಅಣ್ಣನ ಕಡೆಯಿಂದ ಬಂದ ಆರ್ಥರ್ ಅದನ್ನು ವಿರೋಧಿಸಿ ಮಾತನಾಡಿದ. ಗೌರವಸ್ಥನೆಂಬುದೊಂದೇ ಅರ್ಹತೆಯಾದರೆ ಇಡೀ ಜನಸಮುದಾಯವನ್ನೇ ಸೇರಿಸಿಕೊಳ್ಳಬೇಕಾದೀತು ಎಂಬುದು ಅವನ ವಾದದ ತಿರುಳು. ಪ್ರಸ್ತಾವ ಬಿದ್ದುಹೋಯಿತು. ಭಾಷಣ ಮುಗಿಯುತ್ತಲೇ ಊರಿನವರು ಒಬ್ಬೊಬ್ಬರಾಗಿ ಬಂದು ತಂತಮ್ಮ ಅಹವಾಲು ಹೇಳಿಕೊಂಡರಂತೆ. ವೆಸ್ಲಿ ಕುಟುಂಬದಿಂದ ಬರಬೇಕಾಗಿದ್ದ ಹಳೆಯ ಬಾಕಿಯನ್ನು ಕೇಳಿದವರೂ ಇದ್ದರಂತೆ. ಚುನಾವಣೆಯ ಹೊತ್ತಿನಲ್ಲಿ ಬಾಕಿ ನೆನಪಾಗುವುದು ಎಲ್ಲ ದೇಶಗಳಲ್ಲೂ ಉಂಟು.

ಶಾಸಕನಾಗಿ ಅವನು ದೊಡ್ಡದೇನನ್ನೂ ಸಾಧಿಸಲಿಲ್ಲ. 1793ರ ಜನವರಿಯಲ್ಲಿ ರಾಜಪ್ರತಿನಿಧಿಯ ಭಾಷಣಕ್ಕೆ ವಂದನಾ ನಿರ್ಣಯವನ್ನು ಅನುಮೋದಿಸಿ ಮಾತನಾಡಿದ್ದು ಮುಖ್ಯ. ಆ ವರ್ಷವೇ ಕ್ಯಾಥೊಲಿಕರಿಗೆ ಮತದಾನದ ಹಕ್ಕು ಸಿಕ್ಕಿತು. ಸಂಸತ್ತಿನೊಳಗೆ ಕೂರುವ ಹಕ್ಕು ಸಿಗಲಿಲ್ಲ. 1797ರ ಹೊತ್ತಿಗೆ ಆರ್ಥರ್ ತನ್ನ 33ನೇ ರೆಜಿಮೆಂಟಿನೊಂದಿಗೆ ಕಲ್ಕತ್ತೆಯಲ್ಲಿದ್ದ. ಮರುವರ್ಷ ಅಣ್ಣ ರಿಚರ್ಡ್ ಗವರ್ನರ್ ಜನರಲ್ ಆಗಿ ಬಂದ. ಅದರ ಮುಂದಿನ ವರ್ಷ, 1799ರ ಮೇ 4ರಂದು, ಶ್ರೀರಂಗಪಟ್ಟಣ ಬಿತ್ತು. ಮೈಸೂರು ರಾಜ್ಯವನ್ನು ಹಂಚಿ, ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ ಕಟ್ಟುವ ಏರ್ಪಾಡು ಮಾಡಿದ ಐವರು ಆಯುಕ್ತರಲ್ಲಿ ಆರ್ಥರನೂ ಅವನ ತಮ್ಮ ಹೆನ್ರಿಯೂ ಇದ್ದರು. ಟ್ರಿಮ್‌ನ ಒಡೆಯರು ಕಾವೇರಿ ತೀರದಲ್ಲಿ ಗಡಿಗೆರೆ ಎಳೆಯುತ್ತಿದ್ದರು.

ಅದೇ ಕಾಲದಲ್ಲಿ ಅತ್ತ ಐರ್ಲೆಂಡಿನ ರಾಜಪ್ರತಿನಿಧಿಯಾಗಿದ್ದವನು ಇನ್ಯಾರೂ ಅಲ್ಲ, ನಮ್ಮ ಬೆಂಗಳೂರು ಕೋಟೆಯನ್ನು 1791ರ ಮಾರ್ಚ್ 21ರಂದು ಒಡೆದು ನುಗ್ಗಿದ, ಮರುವರ್ಷ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕೊಂಡೊಯ್ದ ಲಾರ್ಡ್ ಕಾರ್ನ್‌ವಾಲಿಸ್. 1798ರ ಐರಿಷ್ ದಂಗೆಯನ್ನು ರಕ್ತಪಾತದಲ್ಲಿ ಅಡಗಿಸಿದ ಮೇಲೆ, ಐರಿಷ್ ಸಂಸತ್ತನ್ನೇ ಮುಚ್ಚಿ ಆ ದೇಶವನ್ನು ಬ್ರಿಟನ್ನಿನೊಂದಿಗೆ ವಿಲೀನಗೊಳಿಸಬೇಕೆಂಬುದು ಪ್ರಧಾನಿ ಪಿಟ್‌ನ ತೀರ್ಮಾನ. ಅದಕ್ಕೆ ಆ ಸಂಸತ್ತಿನದೇ ಒಪ್ಪಿಗೆ ಬೇಕು. 1799ರ ಜನವರಿಯಲ್ಲಿ ಕೆಳಮನೆ ಐದೇ ಮತಗಳ ಅಂತರದಲ್ಲಿ ಬೇಡವೆಂದಿತು. ಬಳಿಕ ಒಂದು ವರ್ಷ ಕಾಲ ಪದವಿ, ಪಿಂಚಣಿ, ಹುದ್ದೆಗಳ ವ್ಯಾಪಾರ ನಡೆಯಿತು. ತಾನು ಮಾಡಬೇಕಾಗಿ ಬಂದ ಈ ಕೊಳಕು ಕೆಲಸಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿದೆ ಎಂಬ ಭಾವವನ್ನು ಕಾರ್ನ್‌ವಾಲಿಸ್ ಖಾಸಗಿ ಪತ್ರಗಳಲ್ಲಿ ತೋಡಿಕೊಂಡಿದ್ದಾನೆ. ಹೇಸಿಗೆಪಟ್ಟರೂ ಕೆಲಸ ನಿಲ್ಲಿಸಲಿಲ್ಲ; ಅಧಿಕಾರಿಗಳ ಹೇಸಿಗೆಗೆ ಇರುವ ಬೆಲೆ ಸಾಮಾನ್ಯವಾಗಿ ಇಷ್ಟೇ. 1800ರ ಫೆಬ್ರುವರಿಯಲ್ಲಿ ಅದೇ ಮನೆ 158ಕ್ಕೆ 115ರಂತೆ ಒಪ್ಪಿಗೆ ನೀಡಿತು.

ಈ ವ್ಯಾಪಾರದಲ್ಲಿ ಒಂದಂಶ ಮಾತ್ರ ಕದ್ದುಮುಚ್ಚಿ ನಡೆದದ್ದಲ್ಲ. ಕಾಯಿದೆಯ ರೂಪದಲ್ಲೇ ಬಂತು. ಲಂಡನ್ನಿನ ಕೆಳಮನೆಯಲ್ಲಿ ಐರ್ಲೆಂಡಿಗೆ ಸಿಗಲಿದ್ದುದು 100 ಸ್ಥಾನ. 117 ಬರೋಗಳ ಪೈಕಿ 33 ಉಳಿದವು, 84 ರದ್ದಾದವು. ರದ್ದಾದ ಪ್ರತಿ ಸ್ಥಾನಕ್ಕೆ 7,500 ಪೌಂಡ್, ಎರಡು ಸ್ಥಾನಗಳ ಬರೋಗೆ 15,000 ಪೌಂಡ್ ಪರಿಹಾರವೆಂದು ನಿಗದಿಯಾಯಿತು. ಒಟ್ಟು 12,60,000 ಪೌಂಡ್. ಡೌನ್‌ಷೈರ್ ಪ್ರಭುವಿಗೆ 52,500, ಈಲಿ ಪ್ರಭುವಿಗೆ 45,000. ಮರಳಿನಡಿ ಹೂತಿದ್ದ ಬ್ಯಾನೋ ಕೂಡ ಈಲಿಯ ಲೆಕ್ಕದಲ್ಲೇ ಸೇರಿತ್ತು. ಡೌನ್‌ಷೈರ್ ವಿಲೀನವನ್ನು ಕಟುವಾಗಿ ವಿರೋಧಿಸಿದವನು, ಆದರೂ ಅವನಿಗೆ ಪೂರ್ತಿ ಹಣ ಸಂದಿತು. ಆದ್ದರಿಂದ ಇದನ್ನು ಲಂಚವೆಂದು ಕರೆಯುವುದು ಸರಿಯಲ್ಲ ಎನ್ನುವ ಇತಿಹಾಸಕಾರರಿದ್ದಾರೆ. ಅವರ ಮಾತು ನಿಜವೇ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗನಿಸುವುದು, ಲಂಚವಾಗಿದ್ದರೆ ಸ್ವಲ್ಪ ವಾಸಿಯಿತ್ತು ಎಂದು. ಲಂಚ ಕೊಡುವವನಿಗೂ ಪಡೆಯುವವನಿಗೂ ತಾನು ಮಾಡುತ್ತಿರುವುದು ತಪ್ಪೆಂಬ ಅರಿವಿರುತ್ತದೆ. ಇದು ಭೂಸ್ವಾಧೀನದ ಪರಿಹಾರದಂತೆ ನಡೆದ ಪಾವತಿ. ಆಸ್ತಿ ಹೋಯಿತು, ದರ ಗೊತ್ತುಮಾಡಿ ಕೊಟ್ಟರು. ವಿರೋಧಿಗೂ ಕೊಟ್ಟರು, ಏಕೆಂದರೆ ಆಸ್ತಿಯ ಹಕ್ಕು ವಿರೋಧಿಗೂ ಉಂಟು. ಸಭಾಧ್ಯಕ್ಷರಿಗೆ ವರ್ಷಕ್ಕೆ ಸುಮಾರು 5,000 ಪೌಂಡಿನ ವರ್ಷಾಶನವಾಯಿತು. ಹುದ್ದೆ ಕಳೆದುಕೊಂಡ ಕೆಳಗಿನ ನೌಕರರನ್ನೂ ಮರೆಯಲಿಲ್ಲ. ಟ್ರಿಮ್‌ನ ಮತದಾರನಿಗೆ ಒಂದು ಪೆನ್ನಿಯೂ ಇಲ್ಲ. ಕಳೆದುಕೊಂಡವನು ಅವನೆಂದು ಯಾರ ಲೆಕ್ಕದಲ್ಲೂ ಬರಲಿಲ್ಲ. ಅಷ್ಟೇ ಅಲ್ಲ, ಈ ಪರಿಹಾರದ ಮೊತ್ತವನ್ನು ಐರ್ಲೆಂಡಿನ ರಾಷ್ಟ್ರೀಯ ಸಾಲಕ್ಕೇ ಸೇರಿಸಿದರು. ಕೊಂಡದ್ದು ಲಂಡನ್, ಸಾಲ ತೀರಿಸಬೇಕಾದದ್ದು ಮಾರಾಟವಾದ ದೇಶ.

ವಿಲೀನದ ಕಾಯಿದೆಗೆ ಡಬ್ಲಿನ್‌ನಲ್ಲಿ ರಾಜಸಮ್ಮತಿ ದೊರೆತದ್ದು 1800ರ ಆಗಸ್ಟ್ 1ರಂದು. ಅಂದು ಟ್ರಿಮ್‌ನ ಮಾಜಿ ಸದಸ್ಯ ಎಲ್ಲಿದ್ದ? ಮಲಪ್ರಭೆಯ ಸೀಮೆಯಲ್ಲಿ, ಧೋಂಡಿಯ ವಾಘನ ಬೆನ್ನುಹತ್ತಿ ಹೊರಟ ಸೈನ್ಯದ ಮುಂದಾಳಾಗಿ. ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋನಗಲ್ ಬಳಿ ಧೋಂಡಿಯ ಹತನಾದ. ಕಲ್ಕತ್ತೆಯಲ್ಲಿದ್ದ ಅಣ್ಣನಿಗೆ ಮೈಸೂರಿನ ವಿಜಯಕ್ಕೆ ಪ್ರತಿಫಲವಾಗಿ ಮಾರ್ಕ್ವೆಸ್ ಪದವಿ ಬಂದಿತ್ತು. ಆದರೆ ಅದು ಐರ್ಲೆಂಡಿನ ಪದವಿ, ಇಂಗ್ಲೆಂಡಿನದಲ್ಲ. ಕೊಟ್ಟದ್ದು ಎರಡು ಬಾರಿ ಚಿನ್ನದ ನೀರು ಕುಡಿಸಿದ ಆಲೂಗಡ್ಡೆಯೆಂದು ರಿಚರ್ಡ್ ಸಿಡಿಮಿಡಿಗೊಂಡ. ಅವನು ಹುಟ್ಟಿದ ದೇಶದ ಸಂಸತ್ತು ಮುಚ್ಚುತ್ತಿದ್ದ ದಿನಗಳವು. 1801ರ ಜನವರಿ 1ರಿಂದ ಟ್ರಿಮ್ ಎಂಬ ಕ್ಷೇತ್ರ ಇಲ್ಲವಾಯಿತು. ಡಬ್ಲಿನ್‌ನ ಕಾಲೇಜ್ ಗ್ರೀನ್‌ನಲ್ಲಿದ್ದ ಸಂಸತ್ ಭವನವನ್ನು ಬ್ಯಾಂಕ್ ಆಫ್ ಐರ್ಲೆಂಡ್ ಕೊಂಡಿತು.

ಈ ಕಥೆಗೆ ಒಂದು ಉತ್ತರಾರ್ಧವಿದೆ. 1828ರಲ್ಲಿ ಕ್ಲೇರ್ ಕೌಂಟಿಯ ಸಣ್ಣ ರೈತರು, ಜಮೀನ್ದಾರರ ಕಣ್ಣೆದುರಿನಲ್ಲೇ ಅವರ ಮಾತು ಮೀರಿ, ಕ್ಯಾಥೊಲಿಕ್ ನಾಯಕ ಡೇನಿಯಲ್ ಓಕಾನೆಲ್‌ಗೆ ಮತ ಹಾಕಿದರು. ಕಣ್ಣೆದುರಿನಲ್ಲೇ ಎಂಬುದು ಅಲಂಕಾರದ ಮಾತಲ್ಲ. ಅಂದಿನ ಮತದಾನ ಬಹಿರಂಗ. ಮತದಾರ ವೇದಿಕೆಯ ಮುಂದೆ ನಿಂತು ತನ್ನ ಅಭ್ಯರ್ಥಿಯ ಹೆಸರನ್ನು ಬಾಯಿಬಿಟ್ಟು ಹೇಳಬೇಕು, ಗುಮಾಸ್ತ ಅದನ್ನು ಬರೆದುಕೊಳ್ಳುತ್ತಾನೆ. ಆಗ ಪ್ರಧಾನಿಯಾಗಿದ್ದವನು ವೆಲ್ಲಿಂಗ್ಟನ್. ಅಂತರ್ಯುದ್ಧದ ಅಂಜಿಕೆಯಿಂದ ಅವನು 1829ರಲ್ಲಿ ಕ್ಯಾಥೊಲಿಕರಿಗೆ ಸಂಸತ್ತಿನ ಬಾಗಿಲು ತೆರೆದ. ಅದೇ ಉಸಿರಿನಲ್ಲಿ, ಮಾತು ಮೀರಿದ ಆ ನಲವತ್ತು ಶಿಲಿಂಗ್ ಹಿಡುವಳಿಯ ರೈತರ ಮತದ ಹಕ್ಕನ್ನು ಕಿತ್ತುಕೊಂಡ. ಐರ್ಲೆಂಡಿನ ಕೌಂಟಿಗಳ ಮತದಾರರ ಸಂಖ್ಯೆ ಎರಡು ಲಕ್ಷಕ್ಕೂ ಮೇಲಿದ್ದದ್ದು ನಲವತ್ತು ಸಾವಿರದೊಳಕ್ಕೆ ಇಳಿಯಿತು. 1830ರ ನವೆಂಬರ್‌ನಲ್ಲಿ, ದೇಶದ ಪ್ರಾತಿನಿಧ್ಯ ವ್ಯವಸ್ಥೆಯಲ್ಲಿ ಸುಧಾರಿಸುವಂಥದ್ದು ಏನೂ ಇಲ್ಲವೆಂದು ಅವನು ಸಂಸತ್ತಿನಲ್ಲಿ ಸಾರಿದ. ಎರಡು ವಾರದೊಳಗೆ ಅವನ ಸರ್ಕಾರ ಉರುಳಿತು. 1832ರ ಸುಧಾರಣಾ ಕಾಯಿದೆ ಇಂಗ್ಲೆಂಡಿನ 56 ಬರೋಗಳನ್ನು ಪೂರ್ತಿಯಾಗಿ ಅಳಿಸಿತು. ಈ ಬಾರಿ ಒಡೆಯರಿಗೆ ಒಂದು ಕಾಸಿನ ಪರಿಹಾರವೂ ಇಲ್ಲ. ಮೂವತ್ತೆರಡು ವರ್ಷಗಳಲ್ಲಿ ಮತಕ್ಷೇತ್ರ ಆಸ್ತಿಯಲ್ಲವೆಂಬ ತಿಳಿವಳಿಕೆ ಬಂದಿತ್ತು. ಆದರೆ ಗುಪ್ತ ಮತದಾನ ಬರಲು 1872ರವರೆಗೆ ಕಾಯಬೇಕಾಯಿತು. ನನ್ನ ದೃಷ್ಟಿಯಲ್ಲಿ ಎರಡರಲ್ಲಿ ಹೆಚ್ಚಿನದು ಈ ಎರಡನೆಯದೇ. ಒಡೆಯನಿಗೆ ಬೇಕಾದದ್ದು ಮತವಲ್ಲ, ಮತ ಎಲ್ಲಿ ಬಿತ್ತೆಂಬ ಲೆಕ್ಕ. ಲೆಕ್ಕ ಸಿಗದ ಆಸ್ತಿಯನ್ನು ಯಾರೂ ಕೊಳ್ಳುವುದಿಲ್ಲ.

ಇದನ್ನು ಪುಸ್ತಕದಿಂದ ಕಲಿತು ಹೇಳುತ್ತಿಲ್ಲ. 1994ರ ವಿಧಾನಸಭಾ ಚುನಾವಣೆಯ ಮುನ್ನ ಮತಗಟ್ಟೆಗಳ ತಪಾಸಣೆಗೆಂದು ಒಂದು ಹಳ್ಳಿಗೆ ಹೋಗಿದ್ದೆ. ಊರ ಯಜಮಾನರು ಜಗುಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟರು. ಮಾತಿನ ನಡುವೆ, "ಸ್ವಾಮಿ, ನಮ್ಮೂರ ವೋಟೆಲ್ಲ ಈ ಜಗುಲೀಲೇ ತೀರ್ಮಾನ ಆಗೋದು. ತಾವು ಎರಡೆರಡು ಬೂತು ಯಾಕೆ ಮಾಡುಸ್ತೀರಿ, ಒಂದು ಸಾಕಾಗಿತ್ತು" ಎಂದರು. ಜಂಬವಿರಲಿಲ್ಲ, ಸರ್ಕಾರಕ್ಕೆ ಖರ್ಚು ಉಳಿಸುವ ಕಾಳಜಿಯಿತ್ತು. ನಾನು ನಕ್ಕು ಮಜ್ಜಿಗೆ ಕುಡಿದು ಬಂದೆ. ಎಣಿಕೆಯ ದಿನ ನಿಯಮದಂತೆ ಎಲ್ಲ ಮತಗಟ್ಟೆಗಳ ಮತಪತ್ರಗಳನ್ನೂ ಡ್ರಮ್ಮಿಗೆ ಸುರಿದು ಕಲಸಿ ಎಣಿಸಿದೆವು. ಜಗುಲಿಯ ತೀರ್ಮಾನ ನಡೆಯಿತೋ ಇಲ್ಲವೋ ಯಜಮಾನರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ, ಗೆದ್ದವರಿಗೂ ತಿಳಿಯಲಿಲ್ಲ. ಅಂದು ಕೈಗಂಟಿದ ಶಾಯಿಯನ್ನು ತೊಳೆದುಕೊಳ್ಳುವಾಗ ಆ ಡ್ರಮ್ಮಿನ ಮಹತ್ವ ನನಗೆ ಹೊಳೆದಿರಲಿಲ್ಲ.

ಮತಯಂತ್ರ ಬಂದ ಮೇಲೆ ಡ್ರಮ್ಮು ಮೂಲೆ ಸೇರಿತು. ಯಂತ್ರದಿಂದ ಆದ ಉಪಕಾರ ಬಹಳ. ಅದನ್ನು ಅಲ್ಲಗಳೆಯುವವರ ಸಾಲಿನಲ್ಲಿ ನಾನಿಲ್ಲ. ಆದರೆ ಅದರಿಂದ ಪ್ರತಿ ಮತಗಟ್ಟೆಯ ಲೆಕ್ಕವೂ ಬೇರೆಬೇರೆಯಾಗಿ ಹೊರಬೀಳುವಂತಾಯಿತು. ಯಾವ ಕೇರಿ ಯಾರಿಗೆ ಮತ ಹಾಕಿತೆಂಬುದು ಮರುದಿನವೇ ಜಗುಲಿಗೆ ತಲುಪುತ್ತದೆ. ಆ ಬಳಿಕ ಯಾವ ಕೇರಿಗೆ ಚರಂಡಿ, ಯಾವ ಕೇರಿಗೆ ಕೊಳಾಯಿ ಎಂಬುದರ ತೀರ್ಮಾನ ಹೇಗೆ ನಡೆಯುತ್ತದೆಂದು ಅಧಿಕಾರಿಯಾಗಿದ್ದವನು ವಿವರಿಸಬೇಕಾಗಿಲ್ಲ. ಹಲವು ಮತಗಟ್ಟೆಗಳ ಯಂತ್ರಗಳನ್ನು ಜೋಡಿಸಿ ಒಟ್ಟಿಗೆ ಎಣಿಸುವ 'ಟೋಟಲೈಸರ್' ಬಳಸಲು ಅನುಮತಿ ಕೋರಿ ಚುನಾವಣಾ ಆಯೋಗ 2008ರಲ್ಲೇ ಕೇಂದ್ರಕ್ಕೆ ಪ್ರಸ್ತಾವ ಕಳುಹಿಸಿತ್ತು. 2015ರಲ್ಲಿ ಕಾನೂನು ಆಯೋಗ ಅದನ್ನು ಬೆಂಬಲಿಸಿತು. ಕೇಂದ್ರ ಒಪ್ಪಲಿಲ್ಲ. ಮತಗಟ್ಟೆವಾರು ಲೆಕ್ಕ ಪಕ್ಷಗಳಿಗೆ ಕೆಲಸ ಮಾಡಲು ಅನುಕೂಲವೆಂಬ ವಾದ ಕೇಳಿಬಂತು. ಅನುಕೂಲವೇನೋ ಸರಿ. ಟ್ರಿಮ್‌ನ ಒಡೆಯರಿಗೂ ಅದು ಅನುಕೂಲವಾಗಿಯೇ ಇತ್ತು.

ಐರ್ಲೆಂಡ್ ಇಂದು ಬೇರೆ ದೇಶ. ಟ್ರಿಮ್ ಈಗ ಪಶ್ಚಿಮ ಮೀತ್ ಎಂಬ ಬಹುಸದಸ್ಯ ಕ್ಷೇತ್ರದಲ್ಲಿದೆ. ಅಲ್ಲಿನ ಸಂವಿಧಾನದ ಪ್ರಕಾರ ಪ್ರತಿ 20,000ದಿಂದ 30,000 ಜನಸಂಖ್ಯೆಗೆ ಒಬ್ಬ ಸದಸ್ಯನಿರಬೇಕು. ಹನ್ನೆರಡು ವರ್ಷಕ್ಕೊಮ್ಮೆಯಾದರೂ ಕ್ಷೇತ್ರಗಳನ್ನು ಪರಿಷ್ಕರಿಸಬೇಕು. ನಮ್ಮ ಲೋಕಸಭಾ ಕ್ಷೇತ್ರವೊಂದರಲ್ಲಿ ಅಂಥ ಎಷ್ಟು ಸದಸ್ಯರು ಹಿಡಿಸುತ್ತಾರೆಂದು ಓದುಗರೇ ಭಾಗಿಸಿ ನೋಡಬಹುದು.

2008ರಲ್ಲಿ ನಮ್ಮಲ್ಲಿ ಕ್ಷೇತ್ರಗಳ ಮರುವಿಂಗಡಣೆ ಜಾರಿಗೆ ಬಂದಾಗ ನಾನು ಮತ್ತೆ ಮಂಡ್ಯ ಜಿಲ್ಲೆಯಲ್ಲೇ ಇದ್ದೆ. ಕಿರುಗಾವಲು ವಿಧಾನಸಭಾ ಕ್ಷೇತ್ರ ನಕ್ಷೆಯಿಂದ ಮಾಯವಾಯಿತು. ಮೈಸೂರು ಜಿಲ್ಲೆಯ ಬನ್ನೂರು, ಚಾಮರಾಜನಗರದ ಸಂತೇಮರಹಳ್ಳಿ ಕೂಡ ಹಾಗೆಯೇ ಹೋದವು. ಆ ಬೇಸಗೆಯಲ್ಲಿ ಕಿರುಗಾವಲು ಕಡೆಯ ಹಿರಿಯ ರೈತರೊಬ್ಬರು, ಹೆಗಲ ಟವೆಲನ್ನು ಕೈಯಲ್ಲಿ ಹಿಡಿದು ನನ್ನ ಮೇಜಿನ ಮುಂದೆ ನಿಂತರು. "ನಮ್ ಕ್ಷೇತ್ರನ ತೆಗೆದಾಕವ್ರಂತಲ್ಲಾ ಸ್ವಾಮಿ, ನಮ್ಮನ್ನ ಯಾರೂ ಒಂದು ಮಾತು ಕೇಳ್ನಿಲ್ವಲ್ಲ" ಎಂದರು. ಕರಡು ಪ್ರಕಟವಾಗಿತ್ತು, ಆಕ್ಷೇಪಣೆಗೆ ಅವಕಾಶವಿತ್ತು, ಸಾರ್ವಜನಿಕ ಸಭೆ ನಡೆದಿತ್ತು, ಈಗ ಆದೇಶ ಅಂತಿಮ, ಯಾವ ನ್ಯಾಯಾಲಯದಲ್ಲೂ ಪ್ರಶ್ನಿಸುವಂತಿಲ್ಲವೆಂದು ನಾನು ನಿಯಮಬದ್ಧವಾಗಿಯೇ ತಿಳಿಸಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. "ಅಂಗಾರೆ ಈ ಸಲ ನಮ್ಮೋಟು ಎಲ್ಲಿಗೆ?" ಎಂದು ಕೇಳಿದರು. ಪಟ್ಟಿ ತರಿಸಿ, ಅವರ ಊರನ್ನು ಹುಡುಕಿ, ಹೊಸ ಕ್ಷೇತ್ರದ ಹೆಸರನ್ನೂ ಮತಗಟ್ಟೆಯ ಸಂಖ್ಯೆಯನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಅದನ್ನು ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡು, ಬಸ್ಸಿನ ಹೊತ್ತಾಯಿತೆಂದು ಹೊರಟರು.